ನೀರಣ್ಣನ ಎರಡು ಏಟು

ಖಣ್, ಖಣ್.

ಬೀದಿಯ ಬುಡದಲ್ಲಿ ಕಬ್ಬಿಣದ ಮುಚ್ಚಳಕ್ಕೆ ಎರಡು ಏಟು ಬಿದ್ದರೆ ಸಾಕು, ಮನೆಮನೆಯಲ್ಲೂ ಬಿಂದಿಗೆಗಳು ಎದ್ದು ಕೂರುತ್ತಿದ್ದವು. ಏಟು ಹಾಕಿದ ಕೂಡಲೇ ನೀರಣ್ಣ ವಾಲ್ವ್ ತಿರುಗಿಸುತ್ತಿರಲಿಲ್ಲ. ಎದೆಯೆತ್ತರದ ಕಬ್ಬಿಣದ ಚಾವಿಗೆ ಗದ್ದವೂರಿ ನಿಲ್ಲುತ್ತಿದ್ದರು. ಒಲೆಯ ಮೇಲೆ ಹಾಲಿಟ್ಟವರು ಇಳಿಸಿಕೊಳ್ಳಬೇಕು, ಮಂಡಿನೋವಿನವರು ನಲ್ಲಿಯ ತನಕ ಬರಬೇಕು. ಪುರಸಭೆಯ ಯಾವ ಕಾಗದದಲ್ಲೂ ಆ ಎರಡು ಏಟು ಇರಲಿಲ್ಲ. ಅದು ಅವರದೇ ಕಾನೂನು.

ಮೂವತ್ತು ವರ್ಷ ಊರಿಗೆಲ್ಲ ನೀರು ಬಿಟ್ಟವರು. ಅವರನ್ನು ಹೆಸರು ಹಿಡಿದು ಕರೆದವರನ್ನು ನಾನು ಕಾಣೆ. ಅವರ ಹೆಂಡತಿ ಕೂಡ ನಮ್ಮ ಬಾಗಿಲಿಗೆ ಬಂದು, "ನಿಮ್ಮ ನೀರಣ್ಣ ಈ ಕಡೆ ಹಾದುಹೋದ್ರಾ? ಅನ್ನ ಆರಿ ಕಲ್ಲಾಯ್ತು" ಎನ್ನುತ್ತಿದ್ದರು.

ನಮ್ಮದು ಬಟ್ಟೆಗೆ ಬಣ್ಣ ಹಾಕುವ ಮನೆ, ಏರುಬೀದಿಯ ಕೊನೆಯದು. ಬಣ್ಣದ ಹಂಡೆಯ ಮುಂದೆ ಅತ್ತೆಯದೇ ಆಳ್ವಿಕೆ. ಸೊಸೆಯಾಗಿ ಬಂದ ನಾನು ಮೂರು ವರ್ಷ ಬರೀ ಹಿಂಡುವುದರಲ್ಲಿ, ಹರವುವುದರಲ್ಲಿ ಕಳೆದಿದ್ದೆ. ನಮ್ಮ ಬೀದಿಯ ವಾಲ್ವಿಗೆ ಒಂದು ವಕ್ರಬುದ್ಧಿ ಇತ್ತು. ಊರಿನ ಉಳಿದ ವಾಲ್ವ್‌ಗಳೆಲ್ಲ ಎಡಕ್ಕೆ ತಿರುಗಿಸಿದರೆ ತೆರೆಯುತ್ತಿದ್ದವು, ನಮ್ಮದು ಮಾತ್ರ ಬಲಕ್ಕೆ. "ಇದು ನಿಮ್ಮತ್ತೆ ಥರ ಕಣಮ್ಮ, ಎಲ್ಲರೂ ಒಂದು ಕಡೆ ಆದ್ರೆ ತಾನು ಇನ್ನೊಂದು ಕಡೆ" ಎಂದು ನೀರಣ್ಣ ಒಮ್ಮೆ ಅಂದಾಗ ಒಳಗಿನಿಂದ ಅತ್ತೆಯ ದನಿ ಬಂದಿತ್ತು: "ಕಿವಿ ಕೇಳ್ಸುತ್ತೆ ನನಗೆ!"

ಆ ವರ್ಷ ಶಾಲೆಯ ಹೊಸ ವೇದಿಕೆಗೆ ದೊಡ್ಡ ಪರದೆ ಬೇಕಾಗಿ, ಥಾನುಗಟ್ಟಲೆ ಬಿಳಿ ಬಟ್ಟೆ ನಮ್ಮಲ್ಲಿಗೆ ಬಂತು. ಕಡುಗೆಂಪು ಹಾಕಬೇಕಿತ್ತು. ಅಷ್ಟರಲ್ಲಿ ಅತ್ತೆ ಕೈ ಸುಟ್ಟುಕೊಂಡರು. "ಈ ಸಲ ನೀನೇ ಹಾಕು" ಎಂದರು. "ಪಟ್ಟೆ ಬಿತ್ತೋ, ಆಯುಸ್ಸೆಲ್ಲ ಹಿಂಡ್ಕೊಂಡೇ ಇರು."

ಹಂಡೆಯಿಂದ ತೆಗೆದ ಬಟ್ಟೆಯನ್ನು ಹರಿಯುವ ನೀರಿನಲ್ಲಿ ಕೂಡಲೇ ಜಾಲಿಸಬೇಕು. ತಡವಾದರೆ ಬಣ್ಣ ಒಂದೊಂದು ಕಡೆ ಒಂದೊಂದು ಥರ ಕೂತು ಪಟ್ಟೆಯಾಗುತ್ತದೆ. ತೊಟ್ಟಿಯಲ್ಲಿದ್ದ ನೀರು ಹಂಡೆಗೇ ಮುಗಿದಿತ್ತು. ಆದರೇನು, ಆರೂವರೆಗೆ ನೀರಣ್ಣ ತಪ್ಪುವವರಲ್ಲ. ಆ ಲೆಕ್ಕದಲ್ಲೇ ಬಟ್ಟೆ ಎತ್ತಿದೆ. ಆರೂವರೆ ಆಯಿತು. ಖಣ್ ಇಲ್ಲ. ನಲ್ಲಿ ಒಮ್ಮೆ ನಿಟ್ಟುಸಿರು ಬಿಟ್ಟು ಸುಮ್ಮನಾಯಿತು.

ಇಳಿಜಾರಿನಲ್ಲಿ ಓಡಿದೆ. ವಾಲ್ವಿನ ಗುಂಡಿಯ ಹತ್ತಿರ ಹೊಸ ಮುಖವೊಂದು ಚಾವಿ ಹಿಡಿದು ನಿಂತಿತ್ತು. ನೀರಣ್ಣನಿಗೆ ಜ್ವರವಂತೆ, ಆತ ಬದಲಿಗೆ ಬಂದವನಂತೆ.

"ಪೂರ್ತಿ ತಿರುಗ್ಸಿದೀನಮ್ಮ. ನೀರೇ ಬರದಿದ್ರೆ ನಾನೇನ್ ಮಾಡ್ಲಿ?"

"ಯಾವ ಕಡೆ ತಿರುಗ್ಸಿದ್ರಿ?"

"ಯಾವ ಕಡೆ ಅಂದ್ರೆ? ಎಡಕ್ಕೇ!"

ತೆರೆಯುತ್ತೇನೆಂದುಕೊಂಡು ಪುಣ್ಯಾತ್ಮ ಮೈಯ ಬಲವನ್ನೆಲ್ಲ ಹಾಕಿ ಬಿಗಿದುಬಿಟ್ಟಿದ್ದ. ಬಲಕ್ಕೆ ತಿರುಗಿಸಲು ಹೋದರೆ ಈಗ ಅದು ಜಪ್ಪಯ್ಯ ಅಂದರೂ ಅಲ್ಲಾಡದು. ನನಗೆ ಅಳು ಒತ್ತಿಕೊಂಡು ಬಂತು.

ಆಗ ಪಕ್ಕದ ಓಣಿಯಿಂದ ಕಂಬಳಿಯೊಂದು ನಡೆದುಬಂತು. ಒಳಗೆ ನೀರಣ್ಣ. ಹಾಸಿಗೆಯಲ್ಲಿ ಮಲಗಿದ್ದರೂ ಕಿವಿ ನಮ್ಮ ಬೀದಿಯಲ್ಲೇ ಇತ್ತಂತೆ. ಬಿಂದಿಗೆಗಳ ಸದ್ದೇ ಇಲ್ಲವಲ್ಲ ಎಂದು ಎದ್ದು ಬಂದಿದ್ದರು. ಕೆಂಪಾಗಿ ತೊಟ್ಟಿಕ್ಕುತ್ತಿದ್ದ ನನ್ನ ಕೈ ನೋಡಿ, "ಯಾರನ್ನ ಮುಗಿಸಿ ಬಂದೆ ತಾಯಿ, ಅತ್ತೇನಾ?" ಎಂದರು.

"ಅಣ್ಣಾ, ಪರದೆ ಹಾಳಾಗುತ್ತೆ!"

ಚಾವಿಯನ್ನು ಗುಂಡಿಗೆ ಇಳಿಸಿದರು. ಮೂವರೂ ಸೇರಿ ಅದರ ಅಡ್ಡಪಟ್ಟಿಗೆ ಜೋತುಬಿದ್ದೆವು. ಕಿರ್ರ್ ಎಂದು ಒಂದಿಷ್ಟು ಸಡಿಲಿತು. ಅಷ್ಟಕ್ಕೇ ನಿಲ್ಲಿಸಿ, ನೀರಣ್ಣ ಚಾವಿಯನ್ನು ಹೊರಗೆಳೆದು ಮುಚ್ಚಳಕ್ಕೆ ಬಡಿದರು. ಖಣ್, ಖಣ್.

"ಅಯ್ಯೋ, ಬೇಗ ಬಿಡಿ ಅಣ್ಣಾ!"

"ಹೇಳದೆ ಬಿಟ್ರೆ ಹೆಂಗಮ್ಮ? ಮಂಡಿನೋವಿನ ಅಜ್ಜಿ ಖಾಲಿ ಕೈಲಿ ನಿಂತಿರ್ತಾರೆ." ನಡುಗುವ ದನಿಯಲ್ಲೇ ಬೀದಿಗೆ ಕೂಗಿದರು: "ಎಲ್ಲರೂ ನಲ್ಲಿ ಕಟ್ರಪ್ಪಾ! ಇವತ್ತು ಮೊದ್ಲು ಬಣ್ಣದ ಮನೆಗೆ!"

ಯಾರೂ ಯಾಕೆ ಎನ್ನಲಿಲ್ಲ. ಸಾಲಾಗಿ ನಲ್ಲಿಗಳು ಬಿಗಿದುಕೊಂಡವು. ನೀರಣ್ಣ ಚಾವಿಯನ್ನು ಮತ್ತೆ ಇಳಿಸಿ ಬಲಕ್ಕೆ ಪೂರ್ತಿ ತಿರುಗಿಸಿದರು. ಅಷ್ಟು ರಭಸದ ನೀರನ್ನು ನಮ್ಮ ಮನೆ ಅದಕ್ಕೆ ಮೊದಲು ಕಂಡಿರಲಿಲ್ಲ, ಆಮೇಲೂ ಕಂಡಿಲ್ಲ.

ಒಣಗಿದ ಪರದೆಯನ್ನು ಅತ್ತೆ ಅಂಗುಲ ಅಂಗುಲ ನೋಡಿದರು. ಕೆಳಗಿನ ಅಂಚಿನಲ್ಲಿ ಒಂದು ಸಣ್ಣ ಪಟ್ಟೆ ಇತ್ತು. ಅದರ ಮೇಲೆ ಹೆಬ್ಬೆರಳಿಟ್ಟು, "ಮಡಚಿ ಹೊಲಿದ್ರೆ ಕಾಣಲ್ಲ" ಎಂದರು. ಮರುದಿನ ಹಂಡೆ ಕಲಕುವ ಕೋಲನ್ನು ತಾವಾಗಿಯೇ ನನ್ನ ಕೈಗಿತ್ತರು. ಆ ಕೋಲು ಇಂದಿಗೂ ನನ್ನ ಕೈಯಲ್ಲಿದೆ.

ಕಳೆದ ತಿಂಗಳು ನೀರಣ್ಣ ನಿವೃತ್ತರಾದರು. ಅದೇ ಪರದೆಯ ಮುಂದೆ ಕೂರಿಸಿ ಊರು ಶಾಲು ಹೊದಿಸಿತು. ಗದ್ದಲದಲ್ಲಿ ನನಗೆ ಮಾತಾಡಲು ಆಗಲಿಲ್ಲ. ಮೊನ್ನೆ ಬೆಳಿಗ್ಗೆ ನಮ್ಮ ಬಾಗಿಲಲ್ಲಿ ಸಿಕ್ಕರು. ಇಷ್ಟು ವರ್ಷ ಬಾಯಿಗೆ ಬಂದು ಬಂದು ಹಿಂದೆ ಸರಿದಿದ್ದ ಮಾತನ್ನು ಅವತ್ತು ಹೇಳಲೇಬೇಕೆಂದು ಶುರುಮಾಡಿದೆ.

"ಅವತ್ತು ಜ್ವರದಲ್ಲಿ ನೀವು ಬರದೇ ಹೋಗಿದ್ರೆ ಅಣ್ಣಾ, ನಾನು ಇವತ್ತಿಗೂ..."

ಕೆಳಗಿನಿಂದ ಕೇಳಿಸಿತು. ಖಣ್, ಖಣ್. ಅವರ ಜಾಗಕ್ಕೆ ಬಂದ ಹೊಸಬ ಏಟು ಕಲಿತಿದ್ದ. ನೀರಣ್ಣ ಕೈಯೆತ್ತಿ ನನ್ನನ್ನು ತಡೆದರು. ಇಬ್ಬರೂ ಕಿವಿಗೊಟ್ಟು ನಿಂತೆವು. ಒಂದು ಬಿಂದಿಗೆಗೂ ನೀರು ಬೀಳುವ ಸದ್ದು ಕೇಳಲಿಲ್ಲ.

"ಎಡಕ್ಕೆ ತಿರುಗಿಸ್ತಾ ಇದಾನೆ" ಎಂದವರೇ ಚಪ್ಪಲಿ ಮೆಟ್ಟಿ, ನನ್ನ ಅರ್ಧ ಮಾತನ್ನು ಅಲ್ಲೇ ಬಿಟ್ಟು, ಬಿರಬಿರನೆ ಇಳಿಜಾರು ಇಳಿದರು.