ತನ್ನ ಮನೆಯ ತಂತಿ ತಾನೇ ಬಿಚ್ಚಿದ ದೇವೀರಪ್ಪ

ಕೆ. ಹೊಸಕೋಟೆಯ ಲೈನ್‌ಮನ್ ದೇವೀರಪ್ಪ ಬಸ್ಸು ನಿಲ್ಲುವ ಜಾಗದ ಎದುರಿಗೆ, ದಿನಸಿ ಅಂಗಡಿ ಮಹಾದೇವಯ್ಯನ ಹೆಂಚಿನ ಮನೆಯಲ್ಲಿ ಬಾಡಿಗೆಗಿದ್ದ. ಮದುವೆಯಾದ ವರ್ಷ ಹೊಕ್ಕವನು, ಮಗಳು ಗಗನಾ ಎಸ್ಸೆಸ್ಸೆಲ್ಸಿಗೆ ಬರುವವರೆಗೂ ಅಲ್ಲೇ ಉಳಿದ. ಬಾಡಿಗೆ ಕೈಯಿಂದ ಕೈಗೆ ಹೋಗುತ್ತಿತ್ತು. ಕರಾರು ಪತ್ರವಾಗಲಿ ರಸೀದಿಯಾಗಲಿ ಇರಲಿಲ್ಲ; ಕೇಳಿದರೆ ನಂಬಿಕೆ ಇಲ್ಲವೆಂದು ಹೇಳಿದ ಹಾಗಾಗುತ್ತದೆ ಎಂದು ಅವನು ಕೇಳಿಯೂ ಇರಲಿಲ್ಲ.

ತೊಂಬತ್ತೇಳರ ಜನವರಿಯಲ್ಲಿ ಮಹಾದೇವಯ್ಯನಿಗೆ ಆ ಜಾಗದಲ್ಲಿ ಮಳಿಗೆ ಕಟ್ಟಿಸುವ ಮನಸ್ಸಾಯಿತು. ಕೂಡಲೇ ಮನೆ ಖಾಲಿ ಮಾಡು ಎಂದ. ಮಗಳ ಪರೀಕ್ಷೆ ಮುಗಿಯುವ ತನಕ ಬಿಡಿ ಎಂದು ದೇವೀರಪ್ಪ ಬೇಡಿಕೊಂಡ. ಅದಕ್ಕೆ ಮಹಾದೇವಯ್ಯ ಹೂಂ ಎನ್ನಲಿಲ್ಲ, ಊಹೂಂ ಎನ್ನಲಿಲ್ಲ. ಆದರೆ ಮುಂದಿನ ಸಲ ಬಾಡಿಗೆ ಹಿಡಿದುಕೊಂಡು ಹೋದಾಗ ಕೈ ಚಾಚಲಿಲ್ಲ.

ದೇವೀರಪ್ಪ ಆಲೂರಿಗೆ ಹೋಗಿ ವಕೀಲ ನಟರಾಜ್ ಅವರನ್ನು ಕಂಡ. ಕೋರ್ಟಿನ ಆದೇಶವಿಲ್ಲದೆ ಯಾರೂ ನಿಮ್ಮನ್ನು ಹೊರಗೆ ಹಾಕುವಂತಿಲ್ಲ, ನೀರು ಕರೆಂಟು ನಿಲ್ಲಿಸುವಂತಿಲ್ಲ, ಬಾಡಿಗೆಯನ್ನು ಮನಿಯಾರ್ಡರ್ ಮಾಡಿ, ವಾಪಸ್ ಬಂದರೆ ಅದೇ ಸಾಕ್ಷಿ ಎಂದು ಅವರು ಬಿಡಿಸಿ ಹೇಳಿದರು. ಮೊದಲ ಬಾರಿಗೆ ತನ್ನ ಬೆನ್ನಿಗೆ ಏನೋ ಇದೆ ಎನ್ನಿಸಿ ದೇವೀರಪ್ಪ ಗಟ್ಟಿ ಮನಸ್ಸಿನಿಂದ ಊರಿಗೆ ಬಂದ.

ಮನೆಯ ಮೀಟರು ಮಹಾದೇವಯ್ಯನ ಹೆಸರಿನಲ್ಲಿತ್ತು. ಮನೆ ಕೆಡವುತ್ತಿದ್ದೇನೆ, ಸಂಪರ್ಕ ತೆಗೆಯಿರಿ ಎಂದು ಅವನು ಅರ್ಜಿ ಕೊಟ್ಟ. ಫೆಬ್ರವರಿಯ ಒಂದು ಬೆಳಿಗ್ಗೆ ಆ ಅರ್ಜಿ ದೇವೀರಪ್ಪನ ಆಫೀಸಿನ ಮೇಜಿನ ಮೇಲೆ ಬಂದು ಕೂತಿತು. ಸಾಹೇಬರು ಮುಖ ಎತ್ತದೆ, ಬೇರೆ ಯಾರನ್ನಾದರೂ ಕಳಿಸಲಾ ಎಂದು ಕೇಳಿದರು.

“ನನ್ ಲೈನು ಸಾರ್. ನಾನೇ ಹೋಯ್ತೀನಿ” ಎಂದ ದೇವೀರಪ್ಪ.

ಕಂಬ ಹತ್ತಿದ. ಬಸ್ಸಿಗೆ ಕಾಯುತ್ತಿದ್ದವರೆಲ್ಲ ಕತ್ತೆತ್ತಿ ನೋಡಿದರು. ಹೆಂಡತಿ ಗಂಗಾಮಣಿ ಬಾಗಿಲಲ್ಲಿ ನಿಂತಿದ್ದಳು. ತಂತಿ ಬಿಚ್ಚಿ ಸುರುಳಿ ಸುತ್ತಿ ಕೆಳಗಿಳಿದಾಗ ಅವಳು ಇಷ್ಟೇ ಕೇಳಿದಳು: “ನಿಮ್ ಕೈಯಾರೆ ಯಾಕ್ ತೆಗ್ದ್ರಿ? ಬೇರೇರು ಬಂದಿದ್ರೆ ನಾನು ಬಾಗ್ಲಲ್ಲಿ ಅಡ್ಡ ನಿಂತ್ಕತಿದ್ದೆ.”

ಅವನು ಸುರುಳಿಯನ್ನು ಹೆಗಲಿಗೆ ಹಾಕಿಕೊಂಡು ಆಫೀಸಿನ ಕಡೆ ನಡೆದ.

ಕರೆಂಟು ಮತ್ತೆ ಕೊಡಿಸಬೇಕೆಂದು ನಟರಾಜ್ ದಾವೆ ಹಾಕಿದರು. ಒಂದು ತಾರೀಕಿಗೆ ಎದುರು ವಕೀಲರು ಬರಲಿಲ್ಲ, ಇನ್ನೊಂದಕ್ಕೆ ನ್ಯಾಯಾಧೀಶರಿಗೇ ವರ್ಗವಾಯಿತು, ಆಮೇಲೆ ಬೇಸಿಗೆ ರಜೆ. ಗಗನಾ ಸೀಮೆಎಣ್ಣೆ ದೀಪದಲ್ಲಿ ಓದಿ ಪರೀಕ್ಷೆ ಬರೆದಳು, ಗಣಿತದಲ್ಲಿ ಫೇಲಾದಳು. ದೀಪದ ದೆಸೆಯಿಂದಲೇ ಎಂದು ಯಾರೂ ಖಚಿತವಾಗಿ ಹೇಳಲಾರರು, ಆದರೆ ಆ ಮನೆಯಲ್ಲಿ ಮೂವರೂ ಹಾಗೆಯೇ ನಂಬಿದರು. ಲೈನ್‌ಮನ್ ಮನೆಯಲ್ಲವೇ, ಕಂಬದ ತಂತಿಗೆ ಕದ್ದು ಒಂದು ಕೊಕ್ಕೆ ಹಾಕಿಕೊಂಡರೆ ಯಾರು ಕೇಳುತ್ತಾರೆ ಎಂದು ಅಕ್ಕಪಕ್ಕದವರು ಅನ್ನುತ್ತಿದ್ದರು. ದೇವೀರಪ್ಪ ಹಾಕಲಿಲ್ಲ. ಹಾಕಿದ್ದಾನೆಂದು ಮಹಾದೇವಯ್ಯ ಮೇಲಿನವರಿಗೆ ದೂರು ಬರೆದ. ತಪಾಸಣೆಯವರು ಬಂದು ಹೆಂಚಿನ ಸಂದಿಯನ್ನೂ ಬಿಡದೆ ನೋಡಿದರು, ಏನೂ ಸಿಗಲಿಲ್ಲ.

ಮಳೆಗಾಲದ ನಡುವೆ ಕೋರ್ಟಿನ ಆದೇಶ ಬಂತು. ದೇವೀರಪ್ಪನ ಪರವಾಗಿಯೇ ಬಂತು. ಮತ್ತೆ ಕಂಬ ಹತ್ತಿ ತಂತಿ ಜೋಡಿಸಿದ. ಬಲ್ಬು ಹತ್ತಿತು. ಗಂಗಾಮಣಿ ಅದರತ್ತ ನೋಡದೆ ಅಕ್ಕಿ ಆರಿಸುತ್ತ ಕೂತಿದ್ದಳು. ಆ ತಿಂಗಳು ಕಳೆಯುವ ಮೊದಲೇ ಹೆತ್ತೂರಿಗೆ ವರ್ಗದ ಆದೇಶವೂ ಬಂತು. ತಪ್ಪಿಲ್ಲದಿದ್ದರೂ ದೂರು ಬಂದವನನ್ನು ಅದೇ ಊರಲ್ಲಿ ಇಡುವುದು ಬೇಡ ಎಂದು ಮೇಲಿನವರು ತೀರ್ಮಾನಿಸಿದ್ದರು. ಅವನು ಸಾಮಾನು ಲಾರಿಗೆ ಹಾಕಿದ ವಾರದಲ್ಲೇ ಮಹಾದೇವಯ್ಯ ಹೆಂಚು ಇಳಿಸಿದ.

ಹೆತ್ತೂರಿನಲ್ಲಿ ಸುದ್ದಿ ಅವನಿಗಿಂತ ಮೊದಲೇ ತಲುಪಿತ್ತು. ಓನರ್ ಮೇಲೆ ಕೇಸು ಹಾಕಿದವನಿಗೆ ಮನೆ ಕೊಡಲು ಯಾರೂ ಒಪ್ಪಲಿಲ್ಲ. ಕೊನೆಗೆ ಕಾಫಿ ಬೆಳೆಗಾರ ಸಿದ್ದಬಸಪ್ಪ ಹಳೆಯ ಸ್ಟೋರಿನ ಪಕ್ಕದ ಎರಡು ಕೋಣೆ ತೋರಿಸಿದ. ಹೇಳಿದ ದಿನ ಬಿಡುತ್ತೇನೆ, ಕೋರ್ಟಿಗೆ ಹೋಗುವುದಿಲ್ಲ ಎಂದು ಛಾಪಾ ಕಾಗದದ ಮೇಲೆ ಬರೆಸಿ ಮುಂದಿಟ್ಟ.

“ಓದ್ಕಂಡು ಸೈನ್ ಹಾಕಪ್ಪ, ಆಮೇಲೆ ನಂಗೊತ್ತಿರ್ಲಿಲ್ಲ ಅನ್ಬ್ಯಾಡ.”

ಅಂಥ ಬರಹ ಕಾನೂನಿನ ಮುಂದೆ ನಿಲ್ಲುವುದಿಲ್ಲ ಎಂದು ನಟರಾಜ್ ಒಮ್ಮೆ ಹೇಳಿದ್ದು ದೇವೀರಪ್ಪನಿಗೆ ಚೆನ್ನಾಗಿ ನೆನಪಿತ್ತು. ಹೊರಗೆ ಮಳೆಯಲ್ಲಿ ಗಂಗಾಮಣಿಯೂ ಗಗನಾಳೂ ಲಾರಿಯ ಪಕ್ಕ ಒಂದೇ ಕೊಡೆಯಡಿ ನಿಂತಿದ್ದರು. ಅವನು ಪೆನ್ನು ಕೇಳಿ ತೆಗೆದುಕೊಂಡು, ಓದದೆ ಸಹಿ ಹಾಕಿದ.