ಎಲ್ಲರೆದುರು ಹೇಳಿದ್ದು

ಕಳೆದ ತಿಂಗಳು ಹಲ್ಲು ತೋರಿಸಲು ಮಂಗಳೂರಿನ ವೈದ್ಯರೊಬ್ಬರಲ್ಲಿಗೆ ಹೋಗಿದ್ದೆ. ಅವರು ಲವಂಗದೆಣ್ಣೆಯಲ್ಲಿ ಅದ್ದಿದ ಹತ್ತಿಯನ್ನು ಒಸಡಿಗೆ ಒತ್ತಿ, "ಐದು ನಿಮಿಷ ಬಾಯಿ ಮುಚ್ಚಿಕೊಂಡಿರಿ" ಎಂದರು. ನೋವು ತಗ್ಗುವ ಮೊದಲೇ ಆ ವಾಸನೆ ತಲೆಗೇರಿತು. ಕಣ್ಣು ಮುಚ್ಚಿದ್ದೇ ತಡ, ದೋಹಾದ ಒಂದು ಮಹಡಿಯ ಕೋಣೆ, ಗರಗರ ಸದ್ದು ಮಾಡುವ ಏಸಿ, ಅದರ ಕೆಳಗೆ ಬಿಳಿ ಅಂಗಿಯ ತೋಳು ಮಡಚಿಕೊಂಡು ನಿಂತ ನನ್ನ ಅರಬ್ಬಿ ಮಾಷ್ಟ್ರು... ಅವರ ದವಡೆಯಲ್ಲಿ ಯಾವಾಗಲೂ ಒಂದು ಲವಂಗ ಇರುತ್ತಿತ್ತು. ಮಾತಾಡುತ್ತ ಹತ್ತಿರ ಬಂದರೆ ಇಡೀ ಬೆಂಚಿಗೆ ಅದರ ಘಾಟು.

ತೊಂಬತ್ತರ ದಶಕದ ನಡುವಿನ ಮಾತು. ದೋಹಾದಾಚೆಯ ಕಾರ್ಖಾನೆಗಳ ಊರಾದ ಮೆಸಯೀದಿನ ಕೆಲಸಗಳಿಗೆ ಆಳು, ಸಾಮಾನು ಒದಗಿಸುವ ಒಂದು ಕಂಪನಿಯಲ್ಲಿ ನಾನು ಟೈಪಿಸ್ಟ್. ದೋಹಾದ ಬಿನ್ ಮಹಮೂದ್ ಬಡಾವಣೆಯ ಹಳೆಯ ಫ್ಲಾಟೊಂದರಲ್ಲಿ ನಾವು ನಾಲ್ವರಿದ್ದೆವು. ಅಡುಗೆ ಪಾಳಿಯ ಮೇಲೆ. ಹಿರಿಯರು ಸುಧಾಕರಣ್ಣ; ನಮ್ಮದೇ ಕಂಪನಿಯ ಸೂಪರ್‌ವೈಸರ್, ಊರಿನಲ್ಲಿ ದೊಡ್ಡ ಮನೆತನದವರು. ಮೊದಲ ಚಳಿಗಾಲದಲ್ಲಿ ನನಗೆ ತಮ್ಮ ಕಂಬಳಿ ಕೊಟ್ಟವರು ಅವರೇ. ಜ್ವರ ಬಂದಾಗ ಕೈಹಿಡಿದು ಕ್ಲಿನಿಕ್ಕಿಗೆ ಕರೆದುಕೊಂಡು ಹೋದವರೂ ಅವರೇ. ಇದನ್ನು ಮೊದಲೇ ಹೇಳಿಬಿಡಬೇಕು, ಮುಂದೆ ಹೇಳುವುದು ಅವರ ಮೇಲಿನ ಚಾಡಿಯಂತೆ ಕೇಳಿಸಬಾರದು. ಮೂರನೆಯವನು ಉಳ್ಳಾಲದ ಅಬ್ದುಲ್ ರಹೀಂ, ನನ್ನ ಪ್ರಾಯದವನು. ನಾಲ್ಕನೆಯವರು ಶಿಫ್ಟಿನ ಕೆಲಸದವರು, ಕಾಣಸಿಗುವುದೇ ಅಪರೂಪ.

ಅರಬ್ಬಿ ಓದಲು ಬರೆಯಲು ಬಂದರೆ ಬಡ್ತಿ ಸುಲಭವೆಂದು ಕಂಪನಿಯೇ ಸುಧಾಕರಣ್ಣ, ರಹೀಂ, ನಾನು ಸೇರಿ ನಮ್ಮ ಹತ್ತು ಮಂದಿಯನ್ನು ಸಂಜೆ ಐದರ ತರಗತಿಗೆ ಸೇರಿಸಿತು. ಮಾಷ್ಟ್ರು ಕತಾರಿನವರೇ. ಬೆಳಿಗ್ಗೆ ಸರ್ಕಾರಿ ಕಚೇರಿಯ ಕೆಲಸ, ಸಂಜೆ ನಮಗೆ ಪಾಠ. ಬಣ್ಣ ಕಡುಕಪ್ಪು, ಕೂದಲು ಗುಂಗುರು. ಅವರ ತಂದೆ ಮುತ್ತಿನ ಹಡಗಿನಲ್ಲಿ ಬೊಂಬಾಯಿಗೆ ಹೋಗಿ ಬರುತ್ತಿದ್ದವರಂತೆ, ಹಾಗಾಗಿ ಮನೆಯಲ್ಲೇ ಹಿಂದಿ ಕಲಿತಿದ್ದರು. ನಮ್ಮೊಡನೆ ಆಡುತ್ತಿದ್ದದ್ದು ಆ ಹಳೇಕಾಲದ ಹಿಂದಿಯನ್ನೇ.

ಮೊದಲ ದಿನ ಫ್ಲಾಟಿಗೆ ಮರಳಿದಾಗಲೇ ಸುಧಾಕರಣ್ಣ ಅವರಿಗೊಂದು ಹೆಸರಿಟ್ಟರು: ಕಾಪ್ರಿ ಮಾಷ್ಟ್ರು. ನಮ್ಮ ಕರಾವಳಿಯಲ್ಲಿ ಆಫ್ರಿಕಾದವರನ್ನು, ಅವರಂತೆ ಕಾಣುವವರನ್ನು ಹೀಗಳೆಯಲು ಇರುವ ಪದ ಅದು. ಎಲ್ಲರೂ ನಕ್ಕರು. ಎಲ್ಲರಿಗಿಂತ ಜೋರಾಗಿ ನಕ್ಕವನು ನಾನು.

ಯಾಕೆಂದು ಹೇಳುತ್ತೇನೆ. ನನ್ನ ಅಜ್ಜ ಊರಿನ ದೊಡ್ಡ ಮನೆಯೊಂದರ ಮೂಲದಾಳು. ಕೂಲಿಯವನಲ್ಲ, ಸಾಲ ತೀರಿಸಲು ದುಡಿಯುವವನೂ ಅಲ್ಲ. ಹುಟ್ಟುವಾಗಲೇ ಆ ಮನೆಗೆ ಸೇರಿದವನು. ಹಿಂದಿನ ಕಾಲದಲ್ಲಿ ಗದ್ದೆ ಕೈ ಬದಲಾದರೆ ಗದ್ದೆಯ ಜೊತೆ ಇಂಥವರೂ ಕೈ ಬದಲಾಗುತ್ತಿದ್ದರಂತೆ. ನನ್ನ ಅಪ್ಪ ಆ ಅಂಗಳ ಬಿಟ್ಟು ಓಡಿ ಬಂದು ನನ್ನನ್ನು ಬಿ.ಕಾಂ. ಓದಿಸಿದ. ದೋಹಾದಲ್ಲಿ ಇದು ಯಾರಿಗೂ ಗೊತ್ತಿರಲಿಲ್ಲ. ಯಾವ ಊರೆಂದರೆ "ಕಾರ್ಕಳದ ಹತ್ತಿರ" ಎಂದು ನಿಲ್ಲಿಸುತ್ತಿದ್ದೆ. ನನ್ನ ಹೆಸರಿನಿಂದಲೂ ಏನೂ ತಿಳಿಯುವಂತಿರಲಿಲ್ಲ. ನಗುವವರ ಜೊತೆ ಸೇರಿ ನಗುತ್ತಿದ್ದರೆ ಯಾರೂ ನಿನ್ನತ್ತ ತಿರುಗಿ ನೋಡುವುದಿಲ್ಲ... ಅಷ್ಟು ಬುದ್ಧಿ ಕಲಿತಿದ್ದೆ.

ಮೂರನೇ ತಿಂಗಳಿನಲ್ಲಿ ಒಂದು ಸಂಜೆ ಮಾಷ್ಟ್ರು ಎರಡು ಪದ ಕೂಡಿಸುವ ವ್ಯಾಕರಣ ಹೇಳುತ್ತಿದ್ದರು. ಉದಾಹರಣೆಗೆ ರಹೀಮನ ಹೆಸರನ್ನೇ ಬೋರ್ಡಿನ ಮೇಲೆ ಬರೆದರು. ಅಬ್ದ್ ಎಂದರೆ ದಾಸ. ಅಬ್ದುಲ್ ರಹೀಂ ಎಂದರೆ ಕರುಣಾಮಯಿ ದೇವರ ದಾಸ. ಆಮೇಲೆ ದೇವರ ಹೆಸರನ್ನು ಅಂಗೈಯಿಂದ ಒರೆಸಿದರು. ಬೋರ್ಡಿನ ಮೇಲೆ 'ಅಬ್ದ್' ಮಾತ್ರ ಉಳಿಯಿತು.

"ಈಗ ಇದು ಬೈಗುಳ" ಎಂದರು. "ಇದೇ ಊರಿನಲ್ಲಿ, ಇದೇ ಬಾಯಿಗಳಲ್ಲಿ, ನನ್ನಂಥವರನ್ನು ಕರೆಯುವ ಪದ."

ಸುಧಾಕರಣ್ಣ ನನ್ನ ಕಿವಿಯ ಬಳಿ ತುಳುವಿನಲ್ಲಿ ಪಿಸುಗುಟ್ಟಿದರು, ಕಾಪ್ರಿ ತನ್ನ ಜಾತಕ ಬಿಚ್ಚಲಿಕ್ಕೆ ಶುರು ಮಾಡಿದ ಎಂದು. ಮಾಷ್ಟ್ರು ತಿರುಗಿದರು. ಬೇರೆ ಏನೂ ಅರ್ಥವಾಗದಿದ್ದರೂ ಆ ಒಂದು ಪದವನ್ನು ಅವರ ಕಿವಿ ಹಿಡಿದಿತ್ತು. ಅದನ್ನು ಮತ್ತೊಮ್ಮೆ ಹೇಳಿಸಿದರು. ಸುಧಾಕರಣ್ಣ ನಗುತ್ತಲೇ ಹೇಳಿದರು. ಮಾಷ್ಟ್ರು ಅದನ್ನೂ ಅರಬ್ಬಿ ಅಕ್ಷರಗಳಲ್ಲಿ ಬರೆದು, ಪಕ್ಕದಲ್ಲಿ 'ಕಾಫಿರ್' ಎಂದು ಬರೆದರು.

"ಇದು ನಮ್ಮಲ್ಲಿಂದಲೇ ಹೋದ ಪದ. ಆಫ್ರಿಕಾದ ತೀರದಲ್ಲಿ ಮನುಷ್ಯರನ್ನು ಹಿಡಿದು ಮಾರುವವರು ಅವರನ್ನು ಹೀಗೆ ಕರೆದರು. ಪರಂಗಿಯವರು ಕಲಿತುಕೊಂಡರು. ಹಡಗಿನಲ್ಲಿ ಸರಕಿನ ಜೊತೆ ನಿಮ್ಮೂರಿಗೂ ಬಂದಿದೆ. ಸರಕು ಎಂದರೆ ನನ್ನ ಅಜ್ಜಿಯಂಥವರು."

ಸುಧಾಕರಣ್ಣನ ಮುಖ ಕೆಂಪಾಯಿತು, ಆದರೆ ಅವರು ಸೋಲುವವರಲ್ಲ. "ಎಂತ ಸರ್, ನಾವು ಬೇಕಂತ ಹೇಳುದಲ್ಲ. ಬಾಯಿಗೆ ಬರ್ತದೆ, ಹೇಳ್ತೇವೆ. ನಿಮಗೆ ಸರ್ಕಾರಿ ಕೆಲಸ ಉಂಟು, ಮನೆ ಉಂಟು, ಕಾರು ಉಂಟು. ಈಗ ಗುಲಾಮರು ಯಾರು? ನಾವು! ನಮ್ಮ ಪಾಸ್‌ಪೋರ್ಟು ಕಂಪನಿಯ ಕಪಾಟಿನಲ್ಲಿ ಉಂಟು."

ಬೆಂಚುಗಳಲ್ಲಿ ಹೌದು ಹೌದು ಎಂಬ ಗುಜುಗುಜು ಎದ್ದಿತು. ಮಾಷ್ಟ್ರು ಸಿಟ್ಟಾಗುತ್ತಾರೆ ಎಂದುಕೊಂಡೆ. ಅವರು ತಲೆಯಾಡಿಸಿದರು.

"ಅದು ನಿಜ. ಅನ್ಯಾಯವೇ. ಕೇಳಿದವರೆದುರು ನಾನೂ ಹಾಗೇ ಹೇಳುತ್ತೇನೆ. ಆದರೆ ನೀನು ಊರಿಗೆ ಇಳಿದ ದಿನ, ನೀನೇ ಹೇಳಿಕೊಂಡಂತೆ, ನಿನ್ನ ಮನೆತನದ ಹೆಸರು ಕೇಳಿ ಜನ ಎದ್ದು ನಿಲ್ಲುತ್ತಾರೆ. ನಾನು ಇಳಿಯುವ ಊರು ಯಾವುದು? ನನ್ನ ಹೆಸರಿನ ಕೊನೆಗೆ ಇರುವುದು ನಮ್ಮನ್ನು ಕೊಂಡವರ ಮನೆತನದ ಹೆಸರು. ಗುಲಾಮಗಿರಿ ರದ್ದಾದಾಗ ನನಗೆ ಎರಡು ವರ್ಷ. ಎರಡು ವರ್ಷ ನಾನೂ ಒಬ್ಬರ ಸ್ವತ್ತಾಗಿದ್ದೆ. ಹೋದ ವರ್ಷ ನನ್ನ ಮಗಳನ್ನು ಕೇಳಿಕೊಂಡು ಬಂದ ಹುಡುಗನ ಮನೆಯವರು 'ನಿಮ್ಮ ಮೂಲ ಯಾವುದು' ಅಂದರು. ಹೇಳಿದೆ. ಕಾಫಿ ಮುಟ್ಟದೆ ಎದ್ದು ಹೋದರು."

ಆಗ ಸುಧಾಕರಣ್ಣ ಹೇಳಿದ ಮಾತು ನನಗೆ ಅಕ್ಷರಶಃ ನೆನಪಿದೆ. "ಅದೆಲ್ಲ ನಿಮ್ಮಲ್ಲಿ ಸರ್. ನಮ್ಮ ಊರಲ್ಲಿ ಗುಲಾಮಗಿರಿ ಅಂತ ಇರಲೇ ಇಲ್ಲ."

"ಇರಲಿಲ್ಲವೇ?" ಮಾಷ್ಟ್ರು ಒಬ್ಬೊಬ್ಬರನ್ನೇ ನೋಡುತ್ತ ಬಂದರು. ನನ್ನ ಸರದಿ ಬಂದಾಗ ನಾನು ಪುಸ್ತಕ ನೋಡಿದೆ.

ದೂರು ಬೇಗ ಹೋಯಿತು. ವಾರ ಕಳೆಯುವುದರೊಳಗೆ ತರಗತಿ ನಡೆಸುತ್ತಿದ್ದ ಮ್ಯಾನೇಜರೇ ಬಂದು ಹಿಂದಿನ ಬೆಂಚಿನಲ್ಲಿ ಕುಳಿತರು. "ಬರೀ ವ್ಯಾಕರಣ ಹೇಳಿ, ಆಗಿದ್ದು ಖಲಾಸ್" ಎಂದರು. ಮಾಷ್ಟ್ರು ಚಾಕ್ ಕೈಗೆತ್ತಿಕೊಂಡು 'ಕಾಪ್ರಿ', 'ಕಾಫಿರ್' ಎಂಬ ಅದೇ ಎರಡು ಪದಗಳನ್ನು ಮತ್ತೆ ಬರೆದರು.

"ವ್ಯಾಕರಣವನ್ನೇ ಹೇಳುತ್ತಿದ್ದೇನೆ. ಇವುಗಳಲ್ಲಿ ಒಂದನ್ನು ಈ ಕೋಣೆಯಲ್ಲಿ ಆಡಿದ್ದಾರೆ. ಇದೇ ಕೋಣೆಯಲ್ಲಿ ವಾಪಸ್ ತೆಗೆದುಕೊಳ್ಳಲಿ. ಆಮೇಲೆ ಮುಂದಿನ ಪಾಠ."

ಸುಧಾಕರಣ್ಣ ಕೈಕಟ್ಟಿ ಕುಳಿತಿದ್ದರು. "ತಪ್ಪಾಯ್ತು ಅನ್ನಲಿಕ್ಕೆ ನಾವು ಯಾರನ್ನೂ ಗುಲಾಮರಾಗಿ ಇಟ್ಟುಕೊಂಡವರಲ್ಲ" ಎಂದು ಗಟ್ಟಿಯಾಗಿಯೇ ಹೇಳಿದರು.

ನಾನು ಯಾವಾಗ ಎದ್ದು ನಿಂತೆನೋ ನನಗೇ ತಿಳಿಯಲಿಲ್ಲ. ಅರ್ಧ ಹಿಂದಿ, ಅರ್ಧ ಕನ್ನಡದಲ್ಲಿ ಹೇಳಿದೆ: "ಇಟ್ಟುಕೊಂಡಿದ್ದರು, ಸರ್. ನಮ್ಮೂರಿನಲ್ಲೂ ಇಟ್ಟುಕೊಂಡಿದ್ದರು. ನನ್ನ ಅಜ್ಜ ಮೂಲದಾಳು. ಅವರನ್ನು ಕರೆಯುತ್ತಿದ್ದ ಪದ ಈಗಲೂ ಊರಿನಲ್ಲಿ ಬೈಗುಳ. ಮತ್ತೆ... ನಿಮ್ಮನ್ನು ಹಾಗೆ ಕರೆದಾಗ ನಾನೂ ನಕ್ಕಿದ್ದೇನೆ. ಅದನ್ನು ವಾಪಸ್ ತಗೊಳ್ತೇನೆ."

ಮಾಷ್ಟ್ರು ನನ್ನನ್ನು ಹೊಗಳಲಿಲ್ಲ, ಹೆಗಲ ಮೇಲೆ ಕೈಯಿಡಲಿಲ್ಲ. "ಕುಳಿತುಕೋ" ಎಂದು ಹೇಳಿ, "ಇನ್ನು ಯಾರು?" ಎಂದು ಕೇಳಿದರು. ರಹೀಂ ಎದ್ದ. ಅವನ ಹಿಂದೆ ಮತ್ತೂ ಇಬ್ಬರು. ಸುಧಾಕರಣ್ಣ ಏಳಲಿಲ್ಲ. ತರಗತಿ ಮುಗಿದ ಮೇಲೆ ಮೆಟ್ಟಿಲಿನ ಬಳಿ ಮಾಷ್ಟ್ರನ್ನು ಒಬ್ಬರನ್ನೇ ನಿಲ್ಲಿಸಿ, ತಗ್ಗಿದ ದನಿಯಲ್ಲಿ ಸಾರಿ ಹೇಳಿದರು. ನಾನು ಎರಡು ಮೆಟ್ಟಿಲು ಕೆಳಗಿದ್ದೆ.

"ಹೇಳಿದ್ದು ಎಲ್ಲರೆದುರು" ಎಂದರು ಮಾಷ್ಟ್ರು. "ಇಲ್ಲಿ ಕತ್ತಲೆಯಲ್ಲಿ ಕೊಟ್ಟರೆ ನನಗೆ ಬೇಡ."

ಮುಂದಿನ ವಾರದಿಂದ ನಮಗೆ ಬೇರೆ ಮಾಷ್ಟ್ರು ಬಂದರು.

ಫ್ಲಾಟಿನಲ್ಲಿ ಯಾರೂ ನನಗೆ ಏನೂ ಅನ್ನಲಿಲ್ಲ. ಜಗಳವಾಗಿದ್ದರೆ ಎಷ್ಟೋ ಸುಲಭವಿತ್ತು. ನನ್ನ ಅಡುಗೆಯ ಪಾಳಿ ಬಂದ ದಿನ ಸುಧಾಕರಣ್ಣ "ಹೊರಗೆ ಉಂಡು ಬಂದೆ ಮಾರಾಯ" ಎಂದರು. ಮುಂದಿನ ಪಾಳಿಯ ದಿನ ಹೊಟ್ಟೆ ಸರಿಯಿಲ್ಲ. ಅದರ ಮುಂದಿನ ದಿನ ಮತ್ತೇನೋ. ಅದಕ್ಕೂ ಹಿಂದೆ ಒಂದು ವರ್ಷ ನನ್ನ ಕೈಯ ಮೀನುಸಾರನ್ನು ಬೆರಳು ನೆಕ್ಕಿ ಉಂಡವರು ಅವರು. ರಹೀಂ ಮಾತ್ರ ಆ ದಿನಗಳಲ್ಲಿ ಎರಡೆರಡು ಸಲ ಬಡಿಸಿಕೊಂಡು, ಸುಧಾಕರಣ್ಣನ ಎದುರೇ ಕುಳಿತು ಉಣ್ಣುತ್ತಿದ್ದ. ಎರಡು ತಿಂಗಳ ಬಳಿಕ ನಾನು ಕೇಳಿಕೊಂಡು ಮೆಸಯೀದಿನ ಕಂಪನಿ ಕ್ವಾರ್ಟರ್ಸಿಗೆ ಹೋದೆ. ಓಡಿಹೋದೆ ಎಂದು ಯಾರಾದರೂ ಅಂದುಕೊಂಡರೆ ಅಂದುಕೊಳ್ಳಲಿ. ಅಲ್ಲಿಗೆ ಹೋದ ಮೊದಲ ದಿನವೇ, ಕೇಳುವ ಮೊದಲೇ, ನಾನು ಯಾರೆಂದು ಹೇಳಿಬಿಟ್ಟೆ. ಒಬ್ಬ ಹಾಸಿಗೆ ಬದಲಿಸಿಕೊಂಡ. ಉಳಿದವರು ಉಳಿದರು.

ಮಾಷ್ಟ್ರು ಆ ತಿಂಗಳುಗಳಲ್ಲಿ ಒಂದು ಶುಕ್ರವಾರ ನನ್ನನ್ನೂ ರಹೀಮನನ್ನೂ ಮನೆಗೆ ಊಟಕ್ಕೆ ಕರೆದರು. ಅವರ ತಾಯಿ ಇದ್ದರು, ತೀರಾ ಮುದುಕಿ, ಕಣ್ಣು ಮಂಜು. ಯಜಮಾನನ ಮನೆಯಲ್ಲೇ ಹುಟ್ಟಿದವರು. ಬಿಡುಗಡೆಯ ದಿನ ಪರಿಹಾರ ಸಿಕ್ಕಿದ್ದು ತನಗಲ್ಲ, ಯಜಮಾನನಿಗೆ ಎಂದು ಹೇಳಿ ಗಟ್ಟಿಯಾಗಿ ನಕ್ಕರು. ನನ್ನ ಅಜ್ಜನ ಹೆಸರು ಕೇಳಿದರು. ಅಂಗಾರ ಎಂದೆ, ಮಂಗಳವಾರ ಹುಟ್ಟಿದ್ದಕ್ಕೆ ಹಾಗೆ, ನಮ್ಮವರಿಗೆ ವಾರದ ಹೆಸರೇ ಸಾಕೆಂದು ಊರಿನ ತೀರ್ಮಾನ ಎಂದೆ. ಮಾಷ್ಟ್ರು ಅದನ್ನು ಅರಬ್ಬಿಯಲ್ಲಿ ತಿಳಿಸಿದರು. ಮುದುಕಿ ಏನೋ ಹೇಳಿದರು.

"ಅಮ್ಮನಿಗೆ ಯಜಮಾನರು ಒಂದು ಬೆಲೆಬಾಳುವ ಹರಳಿನ ಹೆಸರಿಟ್ಟಿದ್ದರು" ಎಂದು ಮಾಷ್ಟ್ರು ಅರ್ಥ ಹೇಳಿದರು. "ನಿನ್ನಜ್ಜನ ಹೆಸರೇ ವಾಸಿ ಅನ್ನುತ್ತಾಳೆ. ಮಂಗಳವಾರವನ್ನು ಯಾರೂ ಕೊಂಡುಕೊಳ್ಳಲಾರರು."

ನಾಲ್ವರೂ ನಕ್ಕೆವು. ಆ ನಗುವಿನಲ್ಲಿ ನನಗೆ ಯಾರ ಹಿಂದೆಯೂ ಅಡಗಬೇಕಾಗಿರಲಿಲ್ಲ.

ನಾನು ಊರಿಗೆ ಮರಳಿ ಮದುವೆಯಾದೆ, ಮತ್ತೆ ಹೋಗಲಿಲ್ಲ. ಎರಡು ಕಾಗದ ಬರೆದೆ. ಉತ್ತರ ಬಂತು, ನನ್ನ ಅರಬ್ಬಿಯ ತಪ್ಪುಗಳಿಗೆ ಕೆಂಪು ಗೆರೆ ಎಳೆದು. ಮೂರನೆಯದನ್ನು ಬರೆಯುತ್ತೇನೆ, ಬರೆಯುತ್ತೇನೆ ಎಂದುಕೊಂಡೇ ವರ್ಷಗಳು... ಅವರ ಮಗಳ ಮದುವೆಯಾಯಿತೇ ಎಂಬುದೂ ನನಗೆ ಗೊತ್ತಾಗಲಿಲ್ಲ. ಹೋದ ವರ್ಷ ರಹೀಂ ದೋಹಾದಿಂದ ಫೋನ್ ಮಾಡಿ, ಮಾಷ್ಟ್ರು ತೀರಿಕೊಂಡು ಆಗಲೇ ಬಹಳ ಕಾಲವಾಯಿತಂತೆ ಎಂದ.

ಈ ಬೇಸಿಗೆಯಲ್ಲಿ ಸುಧಾಕರಣ್ಣ ಮಗನ ಮದುವೆಯ ಕಾಗದ ಹಿಡಿದು ನಮ್ಮ ಮನೆಗೆ ಬಂದಿದ್ದರು. ಪ್ರಾಯವಾಗಿದೆ, ಮಾತು ಮೆದುವಾಗಿದೆ. ನನ್ನ ಹೆಂಡತಿ ಬೆಲ್ಲ, ನೀರು ತಂದಿಟ್ಟಳು. ಅವರು ಮುಟ್ಟಲಿಲ್ಲ. "ಈಗಷ್ಟೇ ಕುಡಿದು ಬಂದೆ" ಎಂದರು.

ನಾನು ಹೆಂಡತಿಯನ್ನೂ ಮಗಳನ್ನೂ ಜಗಲಿಗೆ ಕರೆದೆ. ಅವರಿಬ್ಬರೂ ಬಂದು ನಿಂತ ಮೇಲೆ ಹೇಳಿದೆ: "ಸುಧಾಕರಣ್ಣ, ನೀರು ಕುಡಿದರೆ ನಾವು ಮದುವೆಗೆ ಬರ್ತೇವೆ. ಇಲ್ಲದಿದ್ದರೆ ಇಲ್ಲ."

"ಅಲ್ಲಿಯದ್ದನ್ನೆಲ್ಲ ಈಗ ಎಂತಕ್ಕೆ ಮಾರಾಯ? ಅದು ಯಾವತ್ತೋ ಖಲಾಸ್ ಅಲ್ವಾ?"

"ಆಗ್ಲಿಲ್ಲ."

ಅವರು ಕಾಗದವನ್ನು ಕುರ್ಚಿಯ ಮೇಲಿಟ್ಟು ಎದ್ದು ಹೋದರು. ನಾವು ಮದುವೆಗೆ ಹೋಗಲಿಲ್ಲ. ಮಗಳು ಆ ದಿನವಿಡೀ ನನ್ನನ್ನು ಹೊಸಬನನ್ನು ನೋಡುವಂತೆ ನೋಡುತ್ತಿದ್ದಳು.

ಇದನ್ನು ನಾನು ಒಬ್ಬರಿಗೆ ಬರೆದು ತಿಳಿಸಬೇಕಿತ್ತು. ತಪ್ಪುತಪ್ಪು ಅರಬ್ಬಿಯಲ್ಲಾದರೂ ಸರಿ. ಆದರೆ ಗೆರೆ ಎಳೆದು ತಿದ್ದಿ ಕಳಿಸಲು ಈಗ ಅಲ್ಲಿ ಯಾರೂ ಇಲ್ಲ.