ಪ್ಲಾಸ್ಟಿಕ್ ತೆಗೆಯದ ಗಾಲಿಕುರ್ಚಿ

ಪುಕ್ಕಟೆ ಕೊಡುವವರನ್ನು ನಾನು ನಂಬುವವಳೇ ಅಲ್ಲ. ಸವಣೂರಿನ ಶಿಬಿರದಲ್ಲಿ ನನಗೆ ಗಾಲಿಕುರ್ಚಿ ಕೊಟ್ಟ ದಿನ ಮೂರು ಸಲ ಫೋಟೊ ಹೊಡೆದರು, ಎರಡು ಕಾಗದಕ್ಕೆ ಸಹಿ ಹಾಕಿಸಿಕೊಂಡರು. ಇದರಲ್ಲಿ ಇವರಿಗೇನು ಗಿಟ್ಟುತ್ತದೆ ಎಂದು ಯೋಚಿಸುತ್ತಿರುವಾಗಲೇ ಒಬ್ಬ ಸಾಹೇಬ ಮೈಕಿನಲ್ಲಿ ಹೇಳಿದ: ಆರು ತಿಂಗಳಿಗೆ ಮನೆಗೆ ಬಂದು ನೋಡುತ್ತೇವೆ, ಸರಿಯಾಗಿ ಇಟ್ಟುಕೊಳ್ಳದವರಿಂದ ವಾಪಸ್ ಒಯ್ಯುತ್ತೇವೆ. ಹಾಂ, ಮಸಲತ್ತು ಇಲ್ಲಿದೆ ಅಂದುಕೊಂಡೆ.

ಹತ್ತಿಮತ್ತೂರಿನ ನಮ್ಮ ಮನೆಯ ಪಡಸಾಲೆಯ ಮೂಲೆಯಲ್ಲಿ ನಾನೂ ಅವ್ವನೂ ಅದನ್ನು ಭದ್ರವಾಗಿ ನಿಲ್ಲಿಸಿದೆವು. ಸೀಟಿನ ಪ್ಲಾಸ್ಟಿಕ್ ತೆಗೆಯಲಿಲ್ಲ, ಮೇಲೊಂದು ಹಳೆ ಕೌದಿ ಹೊದಿಸಿದೆವು. ಮಾಸಿದರೆ ಕಸಿದುಕೊಳ್ಳುತ್ತಾರಲ್ಲ! ಅಮಾವಾಸ್ಯೆಗೊಮ್ಮೆ ಅವ್ವ ಗಾಲಿ ಒರೆಸಿ, ವಿಭೂತಿ ಹಚ್ಚಿ, ಊದಿನಕಡ್ಡಿ ಬೆಳಗುತ್ತಿದ್ದಳು. ಚಿಕ್ಕಂದಿನಿಂದ ಕಾಲಲ್ಲಿ ಶಕ್ತಿಯಿಲ್ಲದ ನಾನು ಎಂದಿನಂತೆ ಕೈಯೂರಿ ತೆವಳುತ್ತಲೇ ಬಚ್ಚಲಿಗೆ, ಹಿತ್ತಲಿಗೆ, ಕಟ್ಟೆಗೆ ಹೋಗುತ್ತಿದ್ದೆ. ಪಕ್ಕದ ಮನೆಯ ಅಕ್ಕ ತನ್ನ ಅತ್ತೆಯನ್ನು ದವಾಖಾನೆಗೆ ಒಯ್ಯಲು ಒಂದೇ ದಿನಕ್ಕೆ ಕೇಳಿದಳು. ಆಕೆಯ ಕಣ್ಣು ಮೊದಲಿಂದಲೂ ಕುರ್ಚಿಯ ಮೇಲಿತ್ತೆಂದು ನನಗೆ ಗುಮಾನಿ. ಕೊಡಲಿಲ್ಲ.

ಕೊನೆಗೂ ಆ ಸಾಹೇಬ ಬಂದ. ಅವ್ವ ಹಿಗ್ಗಿನಿಂದ ಕೌದಿ ಸರಿಸಿದಳು. ಗಾಲಿಗೆ ಒಂದು ಚೂರು ಮಣ್ಣಿರಲಿಲ್ಲ. ಶಹಬ್ಬಾಸ್ ಅನ್ನುತ್ತಾನೆಂದು ಕಾದೆ. ಆತ ಪ್ಲಾಸ್ಟಿಕ್ ಮುಟ್ಟಿ ನೋಡಿ ಹುಬ್ಬು ಗಂಟಿಕ್ಕಿದ.

"ನೀವು ಇದರಾಗ ಕುಂತೇ ಇಲ್ಲಲ್ರೀ. ಹಿರೇಕೆರೂರಾಗ ಒಬ್ಬಾಕಿ ಕಾಯಾಕತ್ತಾಳ. ಅಕಿಗೆ ಕೊಡ್ತೇವಿ."

ನನಗೆ ಮೈಯೆಲ್ಲ ಉರಿಯಿತು. ಎರಡೂ ಅಂಗೈ ಆತನ ಮುಂದೆ ಚಾಚಿದೆ. ಎಮ್ಮೆಯ ಗೊರಸಿನ ಹಾಗೆ ಗಟ್ಟಿಯಾಗಿದ್ದವು.

"ಕುರ್ಚಿ ಯಾಕ ನೋಡ್ತೀರಿ? ಇವನ್ನ ನೋಡ್ರಿ. ಅದು ಹೊಲಸಾದ್ರ ನೀವು ಕಸಗೋತೀರಿ ಅಂತ ಆರು ತಿಂಗಳು ಇವುಗಳ ಮ್ಯಾಲನ ನಡದೇನಿ."

ನಾನು ಪ್ಲಾಸ್ಟಿಕ್ ಪರಪರ ಹರಿದು ಹಾಕಿ, ಅವ್ವನ ಭುಜ ಹಿಡಿದು ಕುರ್ಚಿಗೆ ಏರಿದೆ. ಇಷ್ಟು ದಿನ ನಾನು ನೆಲದಿಂದ ಕತ್ತೆತ್ತಿಯೇ ನೋಡುತ್ತಿದ್ದ ಅವ್ವನ ಮುಖ ಈಗ, ಆಕೆ ಬಗ್ಗಿದ್ದರಿಂದ, ನನ್ನ ಮುಖದ ಸಮಕ್ಕೆ ಬಂದಿತ್ತು. ಸಾಹೇಬ ಕಾಗದದಲ್ಲಿ ಏನೋ ಗೀಚಿದ. ಅದನ್ನೂ ಬಿಡದೆ ಗಟ್ಟಿಯಾಗಿ ಓದಿಸಿದೆ. ಬಳಕೆಯಲ್ಲಿದೆ ಎಂದು ಬರೆದಿದ್ದ.

ಮರುದಿನವೇ ಪಕ್ಕದ ಮನೆಯ ಅಕ್ಕನಿಗೆ ಬೇಕಾದಾಗ ಒಯ್ಯಲು ಹೇಳಿಕಳಿಸಿದೆ. ಹಿರೇಕೆರೂರಿನ ಆಕೆ ನಿಜವಾಗಿ ಇದ್ದಳೋ, ನನ್ನನ್ನು ಹೆದರಿಸಲು ಸಾಹೇಬ ಹೂಡಿದ ಸುಳ್ಳೋ, ಇವತ್ತಿಗೂ ಗೊತ್ತಿಲ್ಲ. ಸುಳ್ಳೇ ಆಗಿರಲಿ ಎಂದು ಬೇಡಿಕೊಳ್ಳುತ್ತೇನೆ. ನಿಜವಾಗಿದ್ದರೆ, ನನ್ನ ಕುರ್ಚಿ ಆರು ತಿಂಗಳು ಕೌದಿ ಹೊದ್ದು ನಿಂತಿದ್ದಾಗ ಆಕೆಯೂ ಅಲ್ಲೆಲ್ಲೋ ಅಂಗೈ ಊರಿ ತೆವಳುತ್ತಿದ್ದಳು.